ಪದ ಪರಿಚಯ: ಫರ್ಮ್‌ವೇರ್

ದಾವಣಗೆರೆಯ ವಿದ್ಯಾನಗರದ ಕಡೆ ಎಂಜಿನಿಯರಿಂಗ್ ಹುಡುಗರ ರೂಮುಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ: “ಅಣ್ಣಾ, ಉಬುಂಟು ಹಾಕ್ದೆ, ವೈಫೈ ಹೋಯ್ತು.” ಲ್ಯಾಬ್ ಕೆಲಸಕ್ಕೆ ಅಂತ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿರುತ್ತಾರೆ; ಉಬುಂಟು ಅದರದೇ ಒಂದು ರೂಪ. ಸೆಟ್ಟಿಂಗ್ಸ್ ತೆರೆದರೆ ‘ನೋ ವೈಫೈ ಅಡಾಪ್ಟರ್ ಫೌಂಡ್’. ಕಾರ್ಡೇ ಸುಟ್ಟಿತೇನೋ ಅಂತ ಗಾಬರಿಯಾಗಿ ಅಂಗಡಿಗೆ ಒಯ್ದರೆ, ಎಲ್ಲ ಅಳಿಸಿ ವಿಂಡೋಸ್ ಒಂದನ್ನೇ ಹಾಕಿ ಕಳಿಸುವುದೂ ಉಂಟು. ಅದಕ್ಕೆ ಮೊದಲು ವಿಂಡೋಸ್‌ಗೆ ಹೋಗಿ ನೋಡಿ. ಅಲ್ಲಿ ವೈಫೈ ಬಂದರೆ ಕಾರ್ಡ್ ಚೆನ್ನಾಗೇ ಇದೆ.

ಹಾಗಾದರೆ ಏನು ಕಮ್ಮಿಯಾಯ್ತು? ಡ್ರೈವರ್ (ಸಿಸ್ಟಮ್ ಕಾರ್ಡಿನ ಜೊತೆ ಮಾತಾಡಲು ಬಳಸುವ ಪ್ರೋಗ್ರಾಂ) ಅನ್ನುತ್ತಾರೆ ಎಲ್ಲರೂ. ಎಷ್ಟೋ ಸಲ ಡ್ರೈವರ್ ಇರುತ್ತದೆ, ಫರ್ಮ್‌ವೇರ್ ಇರುವುದಿಲ್ಲ. ಡ್ರೈವರ್ ಓಡುವುದು ಲ್ಯಾಪ್‌ಟಾಪಿನ ಪ್ರೊಸೆಸರ್ ಮೇಲೆ. ಫರ್ಮ್‌ವೇರ್ ಓಡುವುದು ವೈಫೈ ಚಿಪ್ಪಿನ ಒಳಗೆ. ಚಿಪ್ಪಿಗೂ ತನ್ನದೇ ಪುಟ್ಟ ಪ್ರೊಸೆಸರ್ ಇದೆ, ಅದಕ್ಕೊಂದು ಪ್ರೋಗ್ರಾಂ ಬೇಕು ಅಲ್ವಾ? ಆದರೆ ಬಹಳಷ್ಟು ವೈಫೈ ಚಿಪ್ಪುಗಳು ಅದನ್ನು ತಮ್ಮಲ್ಲೇ ಕಾಯಂ ಆಗಿ ಇಟ್ಟುಕೊಳ್ಳುವುದಿಲ್ಲ. ಕರೆಂಟ್ ಹೋದರೆ ಖಾಲಿ. ಲ್ಯಾಪ್‌ಟಾಪ್ ಆನ್ ಆದಾಗೆಲ್ಲ ಡ್ರೈವರ್ ಡಿಸ್ಕಿನಿಂದ ಆ ಫೈಲ್ ತೆಗೆದು ಚಿಪ್ಪಿಗೆ ತುಂಬಬೇಕು.

ಎರಡನೇ ಸಿಸ್ಟಮ್ ಎಡವುವುದು ಇಲ್ಲೇ. ವಿಂಡೋಸ್‌ನ ಫೈಲ್ ವಿಂಡೋಸ್ ಪಾಲಿನಲ್ಲಿರುತ್ತದೆ. ಲಿನಕ್ಸ್ ಅತ್ತ ತಿರುಗಿಯೂ ನೋಡುವುದಿಲ್ಲ, ತನ್ನ ‘ಫರ್ಮ್‌ವೇರ್’ ಫೋಲ್ಡರಿನಲ್ಲಷ್ಟೇ ಹುಡುಕುತ್ತದೆ. ಸಿಗದಿದ್ದರೆ ಬೂಟ್ ಸಂದೇಶಗಳಲ್ಲಿ ಒಂದು ಸಾಲು ಬರೆದಿಡುತ್ತದೆ: ‘ಫೇಲ್ಡ್ ವಿತ್ ಎರರ್ -2’. ಆ -2 ಅಂದರೆ ಫೈಲ್ ಇಲ್ಲ, ಅಷ್ಟೇ.

ಮೊದಲೇ ಸೇರಿಸಿ ಕೊಡಬಾರದೇ? ಈ ಫೈಲುಗಳು ಚಿಪ್ ಕಂಪನಿಗಳವು, ಮೂಲ ಕೋಡ್ ಹೊರಗೆ ಸಿಗುವುದಿಲ್ಲ. ಹಾಗಾಗಿ ಲಿನಕ್ಸಿನ ಇನ್ನೊಂದು ರೂಪವಾದ ಡೆಬಿಯನ್ ತನ್ನ ಮುಖ್ಯ ಇನ್‌ಸ್ಟಾಲರಿನಿಂದ ಇವನ್ನು ಬಹಳ ವರ್ಷ ಹೊರಗಿಟ್ಟಿತ್ತು. 2023ರ ಡೆಬಿಯನ್ 12ರಿಂದ ಸೇರಿಸುತ್ತಿದೆ. ನನಗೆ ಅದು ಸರಿ ಅನ್ನಿಸುತ್ತದೆ. ನೆಟ್ ಇಲ್ಲದೆ ನೆಟ್‌ನ ಫೈಲ್ ಇಳಿಸಿಕೋ ಅಂದರೆ ಹೊಸಬರು ಏನು ಮಾಡಬೇಕು? ಉಬುಂಟು ಜೊತೆ ಹೆಚ್ಚಿನವು ಬರುತ್ತವೆ, ಆದರೂ ಕೆಲವು ಬ್ರಾಡ್‌ಕಾಮ್ ಕಾರ್ಡುಗಳಿಗೆ ಬೇರೆಯಾಗಿ ಡ್ರೈವರ್ ಹಾಕಬೇಕು. ತೀರಾ ಹೊಸ ಚಿಪ್ಪಾದರೆ ಹೊಸ ಕರ್ನಲ್ಲೇ (ಲಿನಕ್ಸಿನ ತಿರುಳು) ಬೇಕಾಗಬಹುದು.

ದಾರಿ ಸುಲಭವಿದೆ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ವೈಫೈ ಕಾರ್ಡಿನ ಹಂಗಿಲ್ಲ. ನೆಟ್ ಬಂದ ಮೇಲೆ ಸಿಸ್ಟಮ್ ಅಪ್‌ಡೇಟ್ ಮಾಡಿ, ‘ಅಡಿಷನಲ್ ಡ್ರೈವರ್ಸ್’ ತೆರೆದು ನೋಡಿ. ಡ್ರೈವರ್ ಹಾಕುವಾಗ ಸೆಕ್ಯೂರ್ ಬೂಟ್‌ಗೆ (ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರ್ ತಡೆಯುವ ಕಾವಲು) ಪಾಸ್‌ವರ್ಡ್ ಕೇಳಿದರೆ ನೆನಪಿಟ್ಟುಕೊಳ್ಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಮತ್ತೆ ಕೇಳುತ್ತದೆ. ಸುಮ್ನೆ ದಾಟಿಸಿಬಿಟ್ಟರೆ ಆ ಡ್ರೈವರ್ ಲೋಡ್ ಆಗುವುದಿಲ್ಲ.

ನಿನ್ನೆ ಬಂದ ವೈಫೈ ಇವತ್ತಿಲ್ಲ ಅಂದರೆ ಕಾರಣ ಬೇರೆ ಇರಬಹುದು. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಕಾರ್ಡ್ ಅರೆನಿದ್ದೆಯಲ್ಲೇ ಲಿನಕ್ಸ್ ಕೈಗೆ ಬರಬಹುದು. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ ನೋಡಿ.

ಯಾರನ್ನಾದರೂ ಕೇಳುವುದಿದ್ದರೆ ಚಿಪ್ಪಿನ ನಂಬರ್ ಜೊತೆಗಿರಲಿ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಕಮಾಂಡನ್ನು ‘-ಎನ್‌ಎನ್‌ಕೆ’ ಸೇರಿಸಿ ಕೊಟ್ಟರೆ ಸಿಗುತ್ತದೆ. 8086 ಅಂತ ಶುರುವಾದರೆ ಇಂಟೆಲ್, 10ಇಸಿ ಆದರೆ ರಿಯಲ್‌ಟೆಕ್, 14ಇ4 ಆದರೆ ಬ್ರಾಡ್‌ಕಾಮ್.