ಹೊರದೇಶದ ಮೊದಲ ಹಕ್ಕಿನೋಟಕ್ಕೆ ಯಾವ ಕಾಡು?

ಪ್ರಶ್ನೆ: ಎರಡು ವರ್ಷಗಳಿಂದ ಹೆಬ್ಬಾಳ ಕೆರೆ, ಹೆಸರಘಟ್ಟಗಳಲ್ಲಿ ಹಕ್ಕಿ ನೋಡುತ್ತಿದ್ದೇನೆ. ಒಂದು ವಾರ ರಜೆ ಹಾಕಿ ಹೊರದೇಶದ ಮಳೆಕಾಡಿಗೆ ಹೋಗುವ ಆಸೆಯಿದೆ. ಥಾಯ್ಲೆಂಡ್, ಬೋರ್ನಿಯೊ, ಶ್ರೀಲಂಕಾ, ಇವುಗಳಲ್ಲಿ ಮೊದಲು ಯಾವುದು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಶ್ರೀಲಂಕಾ. ಹತ್ತಿರದ ದೇಶವೆಂಬುದಷ್ಟೇ ಇದಕ್ಕೆ ಕಾರಣವಲ್ಲ. ಬೋರ್ನಿಯೊದ ಡಾನುಮ್ ಕಣಿವೆಗೆ ನೇರವಾಗಿ ಹೋದವರಿಗೆ ಕಂಡದ್ದೆಲ್ಲ ಅಪರಿಚಿತವೆನಿಸಿ, ಒಂದನ್ನು ಪುಸ್ತಕದಲ್ಲಿ ಹುಡುಕುವಷ್ಟರಲ್ಲಿ ಇನ್ನು ಮೂರು ಹಾರಿಹೋಗಿರುತ್ತವೆ. ಶ್ರೀಲಂಕಾದ ಗದ್ದೆ ತೋಟಗಳಲ್ಲಿ ಕಾಣುವುದು ನಮ್ಮ ಪಿಕಳಾರ, ಮಡಿವಾಳ, ಮಿಂಚುಳ್ಳಿಗಳೇ ಆದ್ದರಿಂದ, ಬೇರೆಲ್ಲೂ ಇಲ್ಲದ ಮೂವತ್ತಕ್ಕೂ ಹೆಚ್ಚು ಪ್ರಭೇದಗಳ ಮೇಲೆ ಗಮನವನ್ನೆಲ್ಲ ಇಡಬಹುದು.

ಅವುಗಳಲ್ಲಿ ಹೆಚ್ಚಿನವು 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಿಂಹರಾಜ ಕಾಡಿನಲ್ಲಿವೆ. ಮೇ ತಿಂಗಳಿಗೆ ಮುಂಗಾರು ಹಿಡಿಯುವುದರಿಂದ ಫೆಬ್ರುವರಿ, ಮಾರ್ಚ್ ಒಳ್ಳೆಯದು.

ಆದರೆ ಕೆರೆದಂಡೆಯ ಅಭ್ಯಾಸ ಅಲ್ಲಿ ಸಾಲದು. ಮಳೆಕಾಡಿನಲ್ಲಿ ಒಂದು ಗಂಟೆ ಏನೂ ಕಾಣದೆ ನಡೆದ ಮೇಲೆ, ಒಮ್ಮೆಲೇ ಮರಗಳೆಲ್ಲ ಹಕ್ಕಿಗಳಿಂದ ಗಿಜಿಗುಡುತ್ತವೆ. ಇದು ಮಿಶ್ರ ಬೇಟೆಗುಂಪು. ಸಿಂಹರಾಜದ ಗುಂಪೊಂದರಲ್ಲಿ ಸರಾಸರಿ 12 ಪ್ರಭೇದಗಳ 40ರಷ್ಟು ಹಕ್ಕಿಗಳಿರುತ್ತವೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಎಲೆಗಳನ್ನು ಕೆದಕುತ್ತ ಸಾಗಿದಂತೆ ಎದ್ದ ಹುಳುಗಳನ್ನು ಕಾಜಾಣ ಹಿಡಿಯುತ್ತದೆ. ಹದ್ದು ಗಿಡುಗ ಕಂಡರೆ ಮೊದಲು ಕೂಗುವುದೂ ಅದೇ. ಸಾಲದ್ದಕ್ಕೆ, ಉಳಿದ ಹಕ್ಕಿಗಳ ದನಿಯನ್ನು ಅಣಕಿಸಿ ಅವನ್ನು ಗುಂಪಿಗೆ ಸೆಳೆಯುತ್ತದೆ. ಕೋಗಿಲೆ ಕುಟುಂಬದ ಕೆಂಪುಮೊಗದ ಮಲ್ಕೋಹ, ಕಾಗೆ ಕುಟುಂಬದ ನೀಲಿ ಮ್ಯಾಗ್‌ಪೈಗಳೂ ಇಂಥ ಗುಂಪಿನ ಜೊತೆಯಲ್ಲೇ ಹೆಚ್ಚಾಗಿ ಸಿಗುತ್ತವೆ. ನನ್ನ ಮೊದಲ ಗುಂಪು ದಾಟಿದಾಗ ನಾನು ಬಗ್ಗಿ ಕಾಲುಚೀಲಕ್ಕೆ ಹತ್ತಿದ ಉಂಬಳ ಕೀಳುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ಮಲ್ಕೋಹದ ಉದ್ದ ಬಾಲದ ಬಿಳಿ ತುದಿಗಳು ಮಾತ್ರ ಎಲೆಗಳ ಹಿಂದೆ ಸರಿದವು. ಕಚ್ಚಿದ ಉಂಬಳ ಹೊಟ್ಟೆ ತುಂಬಿದರೆ ತಾನೇ ಉದುರುತ್ತದೆ, ಬಿಡಿ.

ಆದ್ದರಿಂದ ಕಿವಿ ಪಳಗಿಸಿಕೊಳ್ಳಿ. ಪಕ್ಷಿತಜ್ಞ ದೀಪಲ್ ವರಕಗೊಡ 1995ರಲ್ಲಿ ಕಿತುಲ್‌ಗಲ ಕಾಡಿನಲ್ಲಿ ಗುರುತು ಹತ್ತದ ಕೂಗೊಂದನ್ನು ಕೇಳಿದರು. ಕೂಗಿದ ಗೂಬೆ ಅವರ ಕಣ್ಣಿಗೆ ಬಿದ್ದದ್ದು 2001ರಲ್ಲಿ, ಸಿಂಹರಾಜದಲ್ಲಿ. 2004ರಲ್ಲಿ ಅದು ವಿಜ್ಞಾನಕ್ಕೆ ಹೊಸ ಪ್ರಭೇದವೆಂದು ದಾಖಲಾಯಿತು.

ವಿಮಾನದ ಟಿಕೆಟ್ ತೆಗೆಯುವ ಮೊದಲು ಒಂದು ವಾರಾಂತ್ಯ ಆಗುಂಬೆಗೋ ದಾಂಡೇಲಿಗೋ ಹೋಗಿಬನ್ನಿ. ಅಲ್ಲಿ ಭೀಮರಾಜನೆಂಬ ಕಾಜಾಣದ ಹಿಂದೆ ಇಂಥದೇ ಗುಂಪುಗಳು ಓಡಾಡುತ್ತವೆ. ದುರ್ಬೀನು 8×42 ಇರಲಿ, ಅಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂಗಾಜಿನದು. 10 ಪಟ್ಟಿನದು ಕೆರೆಗೆ ಸರಿಯೇ; ಆದರೆ ಕಾಡಿನ ಮಬ್ಬಿನಲ್ಲಿ, ತಲೆಯ ಮೇಲೆ ಚಲಿಸುವ ಹಕ್ಕಿಯನ್ನು ಹಿಂಬಾಲಿಸಲು ಅಗಲವಾದ ನೋಟವೂ ಹೆಚ್ಚಿನ ಬೆಳಕೂ ಬೇಕು.