ಹೆಸರು ಬರೆಸದ ಮಕ್ಕಳು ಮತ್ತು ಕೊರೆ-ಎಡಾ ಸಿನಿಮಾಗಳು

ಜಪಾನಿನ ನಿರ್ದೇಶಕ ಹಿರೊಕಾಜು ಕೊರೆ-ಎಡಾ ಅವರ ಸಿನಿಮಾ ನೋಡಿದ ಮೇಲೆ ಒಂದು ಪ್ರಶ್ನೆ ಕಾಡುತ್ತದೆ. ಇಷ್ಟೊಂದು ಅಚ್ಚುಕಟ್ಟಾದ ಜಪಾನಿನಲ್ಲಿ ಮಕ್ಕಳು ಯಾರ ಕಣ್ಣಿಗೂ ಬೀಳದೆ ಬದುಕಿದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ 'ಕೊಸೆಕಿ'ಯಿಂದ ಶುರು ಮಾಡಬೇಕು.

ಕೊಸೆಕಿ ಅಂದರೆ ಕುಟುಂಬದ ದಾಖಲೆ. ಹುಟ್ಟು, ಮದುವೆ, ವಿಚ್ಛೇದನ, ಸಾವು ಎಲ್ಲಾ ಅದರಲ್ಲೇ. 1872ರಲ್ಲಿ ಇಡೀ ದೇಶಕ್ಕೆ ಬಂತು, 1898ರ ಕಾನೂನು ಮನೆಯ ಯಜಮಾನನಿಗೆ ಅಧಿಕಾರ ಕೊಟ್ಟಿತು, ಎರಡನೇ ಮಹಾಯುದ್ಧದ ನಂತರ ಆ ಯಜಮಾನಿಕೆ ಹೋಯಿತು, ದಾಖಲೆ ಮಾತ್ರ ಉಳಿಯಿತು. ಜೊತೆಗೆ ಇನ್ನೊಂದು ನಿಯಮವೂ ಉಳಿಯಿತು. ವಿಚ್ಛೇದನವಾಗಿ 300 ದಿನದೊಳಗೆ ಹುಟ್ಟಿದ ಮಗು ಹಳೇ ಗಂಡನದ್ದೇ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವಳು ಮಗುವಿನ ಪಕ್ಕ ಅವನ ಹೆಸರು ಬರೆಸುತ್ತಾಳಾ? ಎಷ್ಟೋ ತಾಯಂದಿರು ನೋಂದಣಿ ಮಾಡಿಸಲೇ ಇಲ್ಲ. ದಾಖಲೆ ಇಲ್ಲದೆ ಬೆಳೆದ ಮಕ್ಕಳಿಗೆ ಮುಂದೆ ಪಾಸ್‌ಪೋರ್ಟ್ ಕೂಡ ಕಷ್ಟ.

ಆದರೆ ಜಪಾನ್ ಬೆಚ್ಚಿಬಿದ್ದದ್ದು ಬೇರೆ ಪ್ರಕರಣಕ್ಕೆ. 1988ರಲ್ಲಿ ಟೋಕಿಯೊದ ಸುಗಾಮೊ ಪ್ರದೇಶದ ಅಪಾರ್ಟ್‌ಮೆಂಟೊಂದರಲ್ಲಿ ತಾಯಿ ಬಿಟ್ಟುಹೋದ ಮಕ್ಕಳು ಸಿಕ್ಕರು. ಅವರ ಜನನ ನೋಂದಣಿಯೇ ಆಗಿರಲಿಲ್ಲ. ಮನೆ ನೋಡಿಕೊಳ್ಳುತ್ತಿದ್ದವನು 14ರ ಹುಡುಗ. ಆಗ ಕೊರೆ-ಎಡಾಗೆ 26 ವರ್ಷ. ಇದರ ಮೇಲೆ ಚಿತ್ರಕಥೆ ಬರೆದರು, ಆದರೆ ಅದು ಸಿನಿಮಾ ಆಗಲು ಸುಮಾರು 15 ವರ್ಷ ಹಿಡಿಯಿತು.

ಅದೇ 2004ರ 'ನೋಬಡಿ ನೋಸ್'. ನಾಲ್ಕು ಮಕ್ಕಳಲ್ಲಿ ಇಬ್ಬರು ಚಿಕ್ಕವರು ಹೊಸ ಮನೆಗೆ ಬರುವುದು ಸೂಟ್‌ಕೇಸ್‌ನಲ್ಲಿ. ಗಲಾಟೆ ಮಾಡಬಾರದು, ಹೊರಗೆ ಹೋಗಬಾರದು. ಸ್ವಲ್ಪ ದುಡ್ಡಿಟ್ಟು ಅಮ್ಮ ಹೋಗುತ್ತಾಳೆ. ಕರೆಂಟು, ನೀರು ನಿಂತ ಮೇಲೆ ಪಾರ್ಕಿನ ನಲ್ಲಿಯಲ್ಲಿ ಬಟ್ಟೆ ಒಗೆಯುತ್ತಾರೆ, ನೂಡಲ್ಸ್ ಡಬ್ಬಿಯಲ್ಲಿ ಗಿಡ ಬೆಳೆಸುತ್ತಾರೆ. ಮಕ್ಕಳ ಕೈಗೆ ಕೊರೆ-ಎಡಾ ಸ್ಕ್ರಿಪ್ಟ್ ಕೊಡಲಿಲ್ಲ, ಮಾತನ್ನು ಸ್ಥಳದಲ್ಲೇ ಹೇಳಿಕೊಟ್ಟರು. ಋತುಗಳ ಜೊತೆ ಸುಮಾರು ಒಂದು ವರ್ಷ ಚಿತ್ರೀಕರಣ ನಡೆಯಿತು, ಹಾಗಾಗಿ ಹಿರಿಯ ಹುಡುಗ ಅಕಿರಾನ ಪಾತ್ರದ ಯುಯಾ ಯಾಗಿರಾ ನಮ್ಮ ಕಣ್ಣೆದುರೇ ಎತ್ತರವಾಗುತ್ತಾನೆ, ಅವನ ದನಿ ಒಡೆಯುತ್ತದೆ. 14ರ ವಯಸ್ಸಿಗೇ ಅವನಿಗೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ನನಗೆ ಇವತ್ತಿಗೂ ಮರೆಯಲಾಗದ್ದು ಒಂದು ಉತ್ತರ. ಪೊಲೀಸರಿಗೋ ಮಕ್ಕಳ ಕಲ್ಯಾಣದವರಿಗೋ ಹೇಳಬಾರದಾ ಅಂತ ಅಂಗಡಿಯ ಹುಡುಗಿ ಕೇಳಿದರೆ ಅಕಿರಾ ಬೇಡ ಅನ್ನುತ್ತಾನೆ. ಹೇಳಿದರೆ ನಾಲ್ಕೂ ಜನ ಒಟ್ಟಿಗೆ ಇರೋಕಾಗಲ್ಲ. ಕಾಪಾಡಬೇಕಾದ ವ್ಯವಸ್ಥೆಗೇ ಮಗು ಹೆದರುತ್ತದೆ, ನಿಜವಾಗಿ ನೋಯಬೇಕಾದದ್ದು ಇಲ್ಲೇ ಅಲ್ವಾ?

ಮುಂದಿನ ಸಿನಿಮಾಗಳೂ ಇದೇ ಗಂಟನ್ನು ಬೇರೆ ಬೇರೆ ಕಡೆಯಿಂದ ಎಳೆಯುತ್ತವೆ. 'ಲೈಕ್ ಫಾದರ್, ಲೈಕ್ ಸನ್'ನಲ್ಲಿ ಆಸ್ಪತ್ರೆಯಲ್ಲಿ ಮಕ್ಕಳು ಅದಲುಬದಲಾಗುತ್ತಾರೆ, ಆರು ವರ್ಷ ಸಾಕಿದ್ದು ದೊಡ್ಡದಾ, ರಕ್ತವಾ? ಅದು ಜಪಾನಿನಲ್ಲಿ ತೆರೆಗೆ ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳು ಅಲ್ಲಿನ ಸುಪ್ರೀಂ ಕೋರ್ಟ್, ಮದುವೆಯಾಚೆ ಹುಟ್ಟಿದ ಮಗುವಿಗೆ ಆಸ್ತಿಯಲ್ಲಿ ಮದುವೆಯೊಳಗೆ ಹುಟ್ಟಿದ ಮಗುವಿನ ಅರ್ಧದಷ್ಟೇ ಪಾಲು ಅನ್ನೋ ನಿಯಮ ಸಂವಿಧಾನಕ್ಕೆ ವಿರುದ್ಧ ಅಂದಿತು. 2018ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ 'ಶಾಪ್‌ಲಿಫ್ಟರ್ಸ್'ನಲ್ಲಿ ಕಾಗದದ ಪ್ರಕಾರ ಕುಟುಂಬವೇ ಅಲ್ಲದವರು ಒಂದು ಪುಟ್ಟ ಹುಡುಗಿಯನ್ನು ಮನೆಗೆ ಕರೆತಂದು ಉಣ್ಣಿಸುತ್ತಾರೆ. ಕಾನೂನಿನ ಕಣ್ಣಿಗೆ ಅದು ಅಪಹರಣ.

300 ದಿನದ ನಿಯಮಕ್ಕೆ 2022ರಲ್ಲಿ ತಿದ್ದುಪಡಿಯಾಗಿ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹೆರಿಗೆಗೆ ಮೊದಲೇ ತಾಯಿ ಮರುಮದುವೆಯಾಗಿದ್ದರೆ ಮಗು ಈಗ ಹೊಸ ಗಂಡನದ್ದು. ಹಳೇ ಗಂಡನ ಹೆಸರು ಬಂದರೂ ತಾಯಿ, ಮಗು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದರೆ ಅವಳು ಮರುಮದುವೆ ಆಗಿರದಿದ್ದರೆ ಹಳೇ ಲೆಕ್ಕವೇ: 300 ದಿನದೊಳಗೆ ಹುಟ್ಟಿದರೆ, ಬಿಟ್ಟುಬಂದವನೇ ಅಪ್ಪ.