ಕೇಳಿ ನಡೆದ ದಾರಿ

ಶಿರಸಿಯಲ್ಲಿ ವಕೀಲಿಕೆ ಮಾಡುತ್ತ, ಅದರ ಜೊತೆಗೆ ನ್ಯಾಯಾಲಯ ಕಳಿಸಿಕೊಡುವ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆದಾರನಾಗಿ ಕೂರುತ್ತ ಬಂದ ನನಗೆ ಒಂದು ವಾಕ್ಯ ಎಷ್ಟು ಪರಿಚಿತವಾಗಿದೆಯೆಂದರೆ, ಕಕ್ಷಿದಾರರು ಬಾಯಿ ತೆರೆಯುವ ಮೊದಲೇ ಅದು ಕೇಳಿಸಿದಂತಾಗುತ್ತದೆ: “ಒಂದು ಮಾತು ಕೇಳಬಹುದಿತ್ತಲ್ಲ.” ದಾವೆ ತೋಟಕ್ಕೆ ಹೋಗುವ ದಾರಿಯದಿರಲಿ, ನೀರಿನ ಕಾಲುವೆಯದಿರಲಿ, ಸೊಪ್ಪಿನ ಬೆಟ್ಟದ ಗಡಿಯಲ್ಲಿ ತೋಡಿದ ಅಗಳದ್ದಿರಲಿ, ದಾವಾಪತ್ರದ ಹದಿನೆಂಟು ಪ್ಯಾರಾಗಳಲ್ಲಿ ಎಲ್ಲಿಯೂ ಕಾಣದ ಈ ವಾಕ್ಯ ಎರಡನೆಯ ಬೈಠಕ್ಕಿನ ಹೊತ್ತಿಗೆ ಹೊರಬೀಳುತ್ತದೆ. ಅದನ್ನು ಬರೆಯದಿರುವುದಕ್ಕೆ ಕಾರಣವಿದೆ. ಕೇಳದೆ ಮಾಡಿದ್ದು ಮನಸ್ಸಿಗೆ ಎಷ್ಟೇ ಚುಚ್ಚಿದರೂ ಅಷ್ಟಕ್ಕೇ ಪರಿಹಾರ ಕೊಡುವ ಕಲಂ ಯಾವ ಕಾಯಿದೆಯಲ್ಲಿಯೂ ಇಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1999ರ ತಿದ್ದುಪಡಿಯಿಂದ ಸೇರಿ 2002ರ ಜುಲೈ 1ರಿಂದ ಜಾರಿಗೆ ಬಂದ 89ನೆಯ ಕಲಂ, ರಾಜಿಯ ಲಕ್ಷಣ ಕಂಡ ದಾವೆಗಳನ್ನು ಮಧ್ಯಸ್ಥಿಕೆ, ಲೋಕ ಅದಾಲತ್ ಮೊದಲಾದ ದಾರಿಗಳಿಗೆ ಕಳಿಸಲು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿದೆ. ಮಧ್ಯಸ್ಥಿಕೆದಾರನಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಆ ಕೋಣೆಯಲ್ಲಿ ಆಡಿದ ಮಾತು ಕೋರ್ಟಿನಲ್ಲಿ ಸಾಕ್ಷ್ಯವಾಗುವುದೂ ಇಲ್ಲ. ಆದ್ದರಿಂದ ಮುಂದೆ ಹೇಳುವ ಪ್ರಸಂಗದಲ್ಲಿ ಊರು, ಸಂಬಂಧ, ಕಾಲ ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ.

ಪ್ರಸಂಗಕ್ಕೆ ಮೊದಲು ಕಾನೂನಿನ ಒಂದು ವಕ್ರತೆಯನ್ನು ಹೇಳಬೇಕು. 1882ರ ಈಸ್‌ಮೆಂಟ್ ಕಾಯಿದೆಯ 15ನೆಯ ಕಲಮಿನ ಪ್ರಕಾರ ಒಬ್ಬನ ಜಾಗದಲ್ಲಿ ಇನ್ನೊಬ್ಬ 20 ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ತಡೆಯಿಲ್ಲದೆ, ತನ್ನ ಹಕ್ಕೆಂಬಂತೆ ನಡೆದಾಡಿದರೆ ಆ ದಾರಿಯ ಮೇಲೆ ಅವನಿಗೆ ಅನುಭೋಗದ ಹಕ್ಕು ಹುಟ್ಟುತ್ತದೆ. ಇಲ್ಲಿ ‘ಹಕ್ಕೆಂಬಂತೆ’ ಎಂಬ ಮಾತೇ ಮುಖ್ಯ. ಅನುಮತಿ ಪಡೆದು ನಡೆದವನಿಗೆ 20 ಅಲ್ಲ, 50 ವರ್ಷ ಕಳೆದರೂ ಆ ಕಲಮಿನಡಿ ಹಕ್ಕು ಬರುವುದಿಲ್ಲ. ಹಾಗಾಗಿ ದಾರಿ ಬೇಕಾದವನಿಗೆ ಪೇಟೆಯ ಬುದ್ಧಿವಂತರು ಕೊಡುವ ಮೊದಲ ಸಲಹೆಯೇ “ಕೇಳಲು ಹೋಗಬೇಡ, ಕೇಳಿದರೆ ಕೇಸು ಬಲಹೀನವಾಗುತ್ತದೆ” ಎಂಬುದು. ಜಾಗದವನಿಗೂ ಅರ್ಧ ಕಾನೂನೇ ತಲುಪಿರುತ್ತದೆ: “ಬಿಟ್ಟುಕೊಟ್ಟರೆ ಇಪ್ಪತ್ತು ವರ್ಷಕ್ಕೆ ಅವನದೇ ಆಗುತ್ತದೆ.” ಒಬ್ಬ ಕೇಳುವುದನ್ನು ನಿಲ್ಲಿಸುತ್ತಾನೆ, ಇನ್ನೊಬ್ಬ ಬಿಡುವುದನ್ನು ನಿಲ್ಲಿಸುತ್ತಾನೆ. ತಲೆಮಾರಿನಿಂದ ಮುಯ್ಯಾಳು ಮಾಡಿಕೊಂಡು, ಒಬ್ಬರ ಅಡಿಕೆಗೊನೆಯ ಕೊಯ್ಲಿಗೆ ಇನ್ನೊಬ್ಬರು ನಿಂತುಕೊಂಡು ಬಂದ ಮನೆಗಳ ನಡುವೆ ದಣಪೆಗೆ, ಎಂದರೆ ಬೇಲಿಯ ಬಾಗಿಲಿಗೆ, ಮುಳ್ಳು ಬೀಳುವುದು ಹೀಗೆ.

ಪ್ರಸಂಗದ ವಾದಿಯ ತೋಟ ಹಳ್ಳದ ಆಚೆಗೆ. ಅಲ್ಲಿಗೆ ಗಾಡಿ ಹೋಗಬೇಕಾದರೆ ಪ್ರತಿವಾದಿಯ ಅಂಗಳದ ಅಂಚಿನಲ್ಲೇ ಹಾಯಬೇಕು. ಕಾಲುದಾರಿಯಾದರೆ ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ದಾಟಬೇಕು. ಮೂರು ಬೈಠಕ್ಕುಗಳವರೆಗೆ ದಾರಿ ಆರು ಅಡಿಯೋ ಎಂಟು ಅಡಿಯೋ ಎಂಬುದೇ ಚರ್ಚೆ. ನಾಲ್ಕನೆಯದಕ್ಕೆ ಎರಡೂ ಕಡೆಯವರ ಒಪ್ಪಿಗೆಯಿಂದ ಸ್ಥಳಕ್ಕೇ ಹೋದೆ. ಜುಲೈ ತಿಂಗಳು, ಸುರಿಯುವ ಮಳೆ. ಸಂಕದ ಮೂರು ದಿಮ್ಮಿಗಳಲ್ಲಿ ಒಂದರ ಮೇಲೆ ಪಾಚಿ ಕಟ್ಟಿತ್ತು. ಪ್ರತಿವಾದಿ ಮೊದಲು ದಾಟಿದರು. ಆಚೆ ದಡದಲ್ಲಿ ನಿಂತು ಮಡಿಚಿದ ಕೊಡೆಯ ಹಿಡಿಕೆಯನ್ನು ಹಿಂದಕ್ಕೆ ಚಾಚಿದರು. ವಾದಿ ಅದನ್ನು ಹಿಡಿದು ದಾಟಿದರು. ಒಬ್ಬರ ಮುಖವನ್ನು ಒಬ್ಬರು ನೋಡಲಿಲ್ಲ. ದಾವೆ ಹೂಡಿದ ಮೇಲೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಆಸರಿಗೆ ನೀರನ್ನೂ ಮುಟ್ಟದವರು ಇವರು. ಕಾಲಿಗೆ ಆ ದಾರಿಯ ನೆನಪಿತ್ತು, ಕೈಗೂ ಇತ್ತು ಎಂದಷ್ಟೇ ನಾನು ತಿಳಿದುಕೊಂಡೆ. ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಇಬ್ಬರಿಗೂ ಅವಮಾನವಾಗುತ್ತಿತ್ತು.

ಆ ದಿನ ಜಗುಲಿಯ ಮೇಲೆ ಪ್ರತಿವಾದಿಯ ಬಾಯಿಂದ ಬಂದದ್ದು ಅಡಿಯ ಲೆಕ್ಕವಲ್ಲ. ನಾಲ್ಕು ವರ್ಷದ ಹಿಂದೆ ಅವರ ತಾಯಿಯ ವೈಕುಂಠ ಸಮಾರಾಧನೆಯ ದಿನ ಅಂಗಳದಲ್ಲಿ ಚಪ್ಪರ ಹಾಕಿತ್ತು, ಎರಡನೆಯ ಪಂಕ್ತಿ ಕೂತಿತ್ತು. ಗೊಬ್ಬರ ತುಂಬಿದ ಪಿಕಪ್ ಬಂತು. ಚಪ್ಪರದ ಒಂದು ಹಗ್ಗ ದಾರಿಗೆ ಅಡ್ಡವಾಗಿತ್ತು. ವಾದಿ ಗಾಡಿಯಿಂದಿಳಿದು ಹಗ್ಗ ಬಿಚ್ಚಿ, ಗಾಡಿ ದಾಟಿಸಿ, ಮತ್ತೆ ಕಟ್ಟಿ ಹೋದರು. “ಕಟ್ಟಿಯೇ ಹೋದೆನಲ್ಲ” ಎಂದರು ವಾದಿ. “ನಾನು ಬಡಿಸುತ್ತಿದ್ದೆ. ಕರೆದಿದ್ದರೆ ನಾನೇ ಬಿಚ್ಚುತ್ತಿದ್ದೆ” ಎಂದರು ಪ್ರತಿವಾದಿ. ಕರೆಯದಿರುವುದಕ್ಕೆ ವಾದಿಗೆ ಎರಡು ಕಾರಣಗಳಿದ್ದವು. ಮಳೆ ಬರುವಂತಿತ್ತು. ಇನ್ನೊಂದನ್ನು ಪ್ರತ್ಯೇಕ ಮಾತುಕತೆಯಲ್ಲಿ ತುಸು ಸಂಕೋಚದಿಂದಲೇ ಹೇಳಿದರು: ಆ ವರ್ಷವಷ್ಟೇ ಯಾರೋ ಅವರಿಗೆ “ಕೇಳಬೇಡ” ಎಂಬ ಸಲಹೆ ಕೊಟ್ಟಿದ್ದರು.

ಇಂಥ ಸಂಗತಿ ಹೊರಬಂದಾಗ “ಇಷ್ಟು ಸಣ್ಣ ವಿಷಯಕ್ಕೆ ನಾಲ್ಕು ವರ್ಷವೇ” ಎನ್ನುವ ಮಾತು ನಾಲಗೆಯ ತುದಿಗೆ ಬರುತ್ತದೆ. ಮಧ್ಯಸ್ಥಿಕೆ ಶುರುಮಾಡಿದ ಹೊಸದರಲ್ಲಿ ನಾನು ಅದನ್ನು ಆಡಿದ್ದೂ ಉಂಟು. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವೊಂದರಲ್ಲಿ, ಹಿತ್ತಾಳೆಯ ಹಂಡೆಯೊಂದನ್ನು ಅಣ್ಣ ಹೇಳದೆ ಕೇಳದೆ ಮಾರಿದ್ದನ್ನು ತಮ್ಮ ಮೂರನೆಯ ಸಲ ಎತ್ತಿದಾಗ “ಹೋಗಲಿ ಬಿಡಿ, ಹಂಡೆ ತಾನೇ” ಎಂದುಬಿಟ್ಟೆ. ಆತ ಚೀಲ ತೆಗೆದುಕೊಂಡು ಎದ್ದು ಹೋದವನು ಮತ್ತೆ ಬರಲಿಲ್ಲ. ಆ ದಾವೆ ಮೇಲ್ಮನವಿಯವರೆಗೆ ಹೋಯಿತು. ನೋವಿನ ಗಾತ್ರವನ್ನು ನೋವುಂಡವನ ಎದುರೇ ಅಳೆದು ಹೇಳುವುದು ಸಮಾಧಾನದ ವೇಷ ಹಾಕಿದ ಕ್ರೌರ್ಯ. ಈಗ ನಾನು ಮಾಡುವುದು ಇಷ್ಟೇ: ಹೇಳಿದ್ದನ್ನು ಅವರದೇ ಪದಗಳಲ್ಲಿ ಮತ್ತೊಮ್ಮೆ ಹೇಳಿ, “ಹೀಗೇ ಅಲ್ಲವೇ ಆದದ್ದು?” ಎಂದು ಕೇಳುತ್ತೇನೆ. ಒಂದು ಸಲ ಸರಿಯಾಗಿ ಕೇಳಿಸಿಕೊಂಡ ದೂರನ್ನು ಜನ ಅದೇ ಏರುದನಿಯಲ್ಲಿ ಮತ್ತೆ ಹೇಳುವುದು ಕಡಿಮೆ.

ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಹೆಸರು ಕೊಟ್ಟ ಒಂದು ದೋಷವಿದೆ. ಬೇರೆಯವರ ನಡತೆಗೆ ಕಾರಣ ಹುಡುಕುವಾಗ ನಾವು ಅವರ ಸ್ವಭಾವವನ್ನು ಅತಿಯಾಗಿ ಎಣಿಸುತ್ತೇವೆ, ಸಂದರ್ಭವನ್ನು ಕಡೆಗಣಿಸುತ್ತೇವೆ. ನಮ್ಮದೇ ತಪ್ಪಿಗಾದರೆ ಸಂದರ್ಭದ ಪಟ್ಟಿ ಸಿದ್ಧವಿರುತ್ತದೆ. ನನ್ನ ಗಾಡಿ ಕೇಳದೆ ಹೋದದ್ದು ಮಳೆಯಿಂದ, ನಿನ್ನ ಗಾಡಿ ಕೇಳದೆ ಬಂದದ್ದು ಸೊಕ್ಕಿನಿಂದ. ಪ್ರತ್ಯೇಕ ಮಾತುಕತೆಯಲ್ಲಿ ನಾನು ಇಬ್ಬರಿಗೂ ಕೇಳುವ ಪ್ರಶ್ನೆಯೊಂದಿದೆ: ಈ ವರ್ಷ ನೀವು ಯಾರಿಗೆ ಹೇಳಬೇಕಾದದ್ದನ್ನು ಹೇಳದೆ ಬಿಟ್ಟಿರಿ? ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಪಕ್ಕದ ಮನೆಯವರಿಗೆ ಬಾವಿ ಮುಚ್ಚಿಕೊಳ್ಳಿ ಎನ್ನದೆ ಬೋರ್ಡೋ ದ್ರಾವಣ ಹೊಡೆಸಿದ್ದು ಆಗ ನೆನಪಾಗುತ್ತದೆ. ಉತ್ತರವನ್ನು ನನಗೆ ಹೇಳಬೇಕೆಂದಿಲ್ಲ. ಹೆಚ್ಚಿನವರು ಹೇಳುವುದೂ ಇಲ್ಲ, ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಕೇಳುವವನ ಸೌಜನ್ಯದ ಬಗ್ಗೆಯೇ ಹೇಳಿದರೆ ಅನ್ಯಾಯವಾದೀತು, ಕೊಡುವವನದೂ ಒಂದಿದೆ. ದಾರಿ ಬಿಟ್ಟದ್ದನ್ನು ಮದುವೆ ಮನೆಯ ಕವಳದ ತಬಕಿನ ಸುತ್ತ ಕೂತು ಹತ್ತು ಜನರಿಗೆ ಹೇಳುವವರಿದ್ದಾರೆ. ಅಂಥವರ ಹಂಗಿಗಿಂತ ಎರಡು ಮೈಲು ಸುತ್ತಿ ಹೋಗುವುದು ವಾಸಿ ಎಂದು ಎದುರಿನವನಿಗೆ ಅನ್ನಿಸಿದರೆ ತಪ್ಪಲ್ಲ. ಇನ್ನು ಕೆಲವರು ಒಳ್ಳೆಯವರೆನ್ನಿಸಿಕೊಳ್ಳಲು ಹದಿನೈದು ವರ್ಷ ಯಾವುದಕ್ಕೂ ಇಲ್ಲವೆನ್ನದೆ, ಒಂದು ಬೆಳಿಗ್ಗೆ ಹೇಳದೆ ಕೇಳದೆ ಮುಳ್ಳು ಹಾಕುತ್ತಾರೆ. ಕುಮಟೆಯ ಕಡೆಯ ಒಂದು ಮನೆತನದಲ್ಲಿ ಪಾಲಾದ ಮೇಲೂ ಬಾವಿ ಒಂದೇ ಉಳಿದಿತ್ತು. ಬೆಳಿಗ್ಗೆ ತಮ್ಮನ ಪಂಪು ನಡೆಯುವಷ್ಟು ಹೊತ್ತೂ ಅಣ್ಣನ ಮನೆಗೆ ನೀರಿಲ್ಲ. ಅಣ್ಣ ಆರು ವರ್ಷ ಸುಮ್ಮನಿದ್ದು ಏಳನೆಯ ವರ್ಷ ವೈರನ್ನೇ ಕತ್ತರಿಸಿದರು. ಮೊದಲ ವಾರದಲ್ಲೇ “ಏಳು ಗಂಟೆಯವರೆಗೆ ಬೇಡ” ಎಂದಿದ್ದರೆ ತಮ್ಮನಿಗೆ ಒಂದು ದಿನ ಬೇಸರವಾಗುತ್ತಿತ್ತು, ಅಷ್ಟೇ. ನನ್ನ ಅನುಭವದಲ್ಲಿ ತಡವಾದ ‘ಇಲ್ಲ’ ಕಟುವಾಗಿಯೇ ಬರುತ್ತದೆ.

ಅರ್ಧ ಕಾನೂನಿನ ಭಯಕ್ಕೆ ಪೂರ್ತಿ ಕಾನೂನೇ ಮದ್ದು. “ಇಂಥವರ ಜಾಗದಲ್ಲಿ ಅವರ ಅನುಮತಿಯಿಂದ ಗಾಡಿ ಹೊಡೆಯುತ್ತಿದ್ದೇನೆ” ಎಂದು ಎರಡು ಸಾಲು ಬರೆಸಿ ಸಹಿ ಹಾಕಿಸಿಟ್ಟುಕೊಂಡರೆ ಜಾಗದವನು ನೆಮ್ಮದಿಯಿಂದ ದಾರಿ ಬಿಡಬಹುದು. ಒಂದೇ ಎಚ್ಚರಿಕೆ: ಅನುಮತಿಯನ್ನು ನಂಬಿ ಅಲ್ಲಿ ಕಾಂಕ್ರೀಟಿನಂಥ ಶಾಶ್ವತ ಕೆಲಸಕ್ಕೆ ಎದುರಿನವನು ಹಣ ಹಾಕಿಬಿಟ್ಟರೆ, ಅದೇ ಕಾಯಿದೆಯ 60ನೆಯ ಕಲಮಿನ ಪ್ರಕಾರ ಅನುಮತಿಯನ್ನು ಹಿಂದೆ ಪಡೆಯುವುದು ಕಷ್ಟ. ಒಂದೇ ಆಸ್ತಿ ಪಾಲಾಗಿಯೋ ಮಾರಾಟವಾಗಿಯೋ ಬೇರೆ ದಾರಿಯೇ ಇಲ್ಲದಂತಾದ ತೋಟದ ಮಾತು ಬೇರೆ; ಅದಕ್ಕೆ ಅಗತ್ಯದ ದಾರಿಯ ಹಕ್ಕು ಕೊಡುವ 13ನೆಯ ಕಲಮಿದೆ.

ಆ ದಾವೆ ರಾಜಿಯಾಯಿತು. ಎಂಟು ಅಡಿ ದಾರಿ, ಕೊಯ್ಲಿನ ಕಾಲದಲ್ಲಿ ಮತ್ತು ಗೊಬ್ಬರದ ಕಾಲದಲ್ಲಿ ಗಾಡಿ, ಉಳಿದಂತೆ ಕಾಲುನಡಿಗೆ. ಸಂಕವನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಇಬ್ಬರೂ ಸೇರಿ ಹಾಕಬೇಕು. ಕೊನೆಯ ಷರತ್ತು ಪ್ರತಿವಾದಿಯದು: ಗಾಡಿ ತರುವ ಹಿಂದಿನ ಸಂಜೆ ವಾದಿಯು ಪ್ರತಿವಾದಿಗೆ ಒಂದು ಮಾತು ತಿಳಿಸತಕ್ಕದ್ದು. ಇದನ್ನು ಜಾರಿ ಮಾಡಿಸುವುದು ಹೇಗೆಂದು ವಕೀಲರೊಬ್ಬರು ನಕ್ಕರು. ಪ್ರತಿವಾದಿ ಜಗ್ಗಲಿಲ್ಲ, ವಾದಿಯೂ ತಕರಾರು ತೆಗೆಯಲಿಲ್ಲ, ಅದು ರಾಜಿಪತ್ರದಲ್ಲಿ ಉಳಿಯಿತು.

ಮುಂದಿನ ವರ್ಷ ಕೊಯ್ಲು ಮುಗಿಯುತ್ತ ಬಂದ ಹೊತ್ತಿಗೆ ಪ್ರತಿವಾದಿ ಅಡಿಕೆ ವ್ಯಾಪಾರಕ್ಕೆ ಪೇಟೆಗೆ ಬಂದವರು ನನ್ನ ಆಫೀಸಿಗೂ ಬಂದು ಕೂತರು. ವಾದಿ ಗಾಡಿಯಿಲ್ಲದೆ ಕಾಲುನಡಿಗೆಯಲ್ಲಿ ತೋಟಕ್ಕೆ ಹೋಗುವುದಿದ್ದರೂ ಹಿಂದಿನ ಸಂಜೆ ಫೋನು ಮಾಡುತ್ತಾರಂತೆ, ಅದೂ ಇವರು ಸಂಧ್ಯಾವಂದನೆಗೆ ಕೂರುವ ಹೊತ್ತಿಗೇ ಸರಿಯಾಗಿ. ಆ ಷರತ್ತನ್ನು ತೆಗೆಸಲು ಬರುತ್ತದೆಯೇ ಎಂದು ಕೇಳಿದರು. ಅರ್ಜಿ ಹಾಕಬೇಕಾಗುತ್ತದೆ, ಅದಕ್ಕಿಂತ ಹೊತ್ತು ಬದಲಿಸಲು ಅವರಿಗೇ ಒಂದು ಮಾತು ಹೇಳಿ ಎಂದೆ. “ಹೇಳಿದೆ, ಮರೆಯುತ್ತಾರೆ” ಎಂದು ಕೊಡೆ ಎತ್ತಿಕೊಂಡು ಹೊರಟರು.